ಸೊಳ್ಳೆ ತಿನ್ನುವ ಮೀನು ಮತ್ತು ವೈ ವರ್ಣತಂತು

ಸೊಳ್ಳೆಗಳ ಹತೋಟಿಗಾಗಿ ನಮ್ಮ ರಾಜ್ಯದಲ್ಲಿ ಬಾವಿ, ತೊಟ್ಟಿ, ಹೊಂಡಗಳಿಗೆ ಗಪ್ಪಿ ಮತ್ತು ಗಾಂಬೂಸಿಯಾ ಮೀನುಗಳನ್ನು ಬಿಡುವುದನ್ನು ನೀವು ನೋಡಿರಬಹುದು. ಲಿಂಗ ವರ್ಣತಂತುಗಳ ವಿಕಾಸವನ್ನು ತಿಳಿಯಲು ಈ ಪುಟ್ಟ ಮೀನುಗಳು ಒಳ್ಳೆಯ ಉದಾಹರಣೆಗಳೂ ಹೌದು.

ಗಪ್ಪಿಗಳನ್ನು ಗಮನಿಸಿ. ಬಣ್ಣದ ಚುಕ್ಕೆಗಳುಳ್ಳ ಚಿಕ್ಕ ಮೀನು ಗಂಡು. ಬೂದು ಬಣ್ಣದ ದೊಡ್ಡ ಮೀನು ಹೆಣ್ಣು. ಒಂದು ಬಗೆಯ ಚುಕ್ಕೆ ತಂದೆಯಿಂದ ಗಂಡುಮರಿಗಳಿಗೆ ಮಾತ್ರ ಬರುವುದನ್ನು 1920ರಲ್ಲಿ ಡೆನ್ಮಾರ್ಕಿನ ಯೋಹಾನೆಸ್ ಶ್ಮಿಟ್ ಕಂಡುಕೊಂಡರು. ಅದರ ಜೀನ್ ವೈ ವರ್ಣತಂತುವಿನಲ್ಲಿದೆಯೆಂದು 1922ರಲ್ಲಿ ಓಯ್ವಿಂಡ್ ವಿಂಗೆ ವಿವರಿಸಿದರು.

ಎಕ್ಸ್ ಮತ್ತು ವೈ ಮೊದಲು ಒಂದೇ ಬಗೆಯ ಸಾಮಾನ್ಯ ವರ್ಣತಂತುಗಳ ಜೋಡಿ. ಅವುಗಳಲ್ಲೊಂದರಲ್ಲಿ ಲಿಂಗ ನಿರ್ಧರಿಸುವ ಜೀನ್ ಮೂಡುತ್ತದೆ. ಬಣ್ಣದಿಂದ ಗಂಡಿಗೆ ಸಂಗಾತಿ ದೊರೆಯುತ್ತದೆ; ಹೆಣ್ಣಿಗಾದರೋ ಶತ್ರುವಿನ ಕಣ್ಣಿಗೆ ಬೀಳುವ ಅಪಾಯವಷ್ಟೆ. ಆದ್ದರಿಂದ ಬಣ್ಣದ ಜೀನ್, ಗಂಡನ್ನು ರೂಪಿಸುವ ಜೀನಿನ ಜೊತೆಗೇ ಉಳಿಯುವುದು ಲಾಭಕರ. ಆ ಭಾಗದಲ್ಲಿ ಎಕ್ಸ್ ಮತ್ತು ವೈಗಳ ನಡುವೆ ತುಣುಕುಗಳ ವಿನಿಮಯ ಕ್ರಮೇಣ ನಿಲ್ಲುತ್ತದೆ ಎಂಬುದು ಪ್ರಚಲಿತ ವಿವರಣೆ. ವಿನಿಮಯವಿಲ್ಲದ ವೈ ದೋಷಗಳನ್ನು ಕೂಡಿಹಾಕಿಕೊಂಡು ಜೀನುಗಳನ್ನು ಕಳೆದುಕೊಳ್ಳುತ್ತದೆ. ಮನುಷ್ಯರ ವೈ ಹೀಗೆ ಕುಗ್ಗಿದೆ. ಗಪ್ಪಿಯ ವೈ ಬಹುಮಟ್ಟಿಗೆ ಎಕ್ಸ್‌ನಂತೆಯೇ ಇದೆ.

ವೈ ಹೆಚ್ಚು ಕುಗ್ಗದ ಮೀನುಗಳಲ್ಲಿ ಲಿಂಗ ನಿರ್ಧಾರದ ವ್ಯವಸ್ಥೆಯೇ ಬದಲಾಗಬಲ್ಲದು. ಗಾಂಬೂಸಿಯಾ ಹೊಲ್‌ಬ್ರೂಕಿ ಪ್ರಭೇದದಲ್ಲಿ ಗಂಡು ಎಕ್ಸ್‌ವೈ. ಅದರ ಹತ್ತಿರದ ಬಂಧು ಗಾಂಬೂಸಿಯಾ ಅಫಿನಿಸ್‌ನಲ್ಲಿ, ಹಕ್ಕಿಗಳಲ್ಲಿರುವಂತೆ, ಹೆಣ್ಣು ಜಡ್‌ಡಬ್ಲ್ಯೂ, ಗಂಡು ಜಡ್‌ಜಡ್.

ಈ ವ್ಯತ್ಯಾಸ ತಿಳಿದು ಆಗಬೇಕಾದ್ದೇನು ಎನ್ನುವಿರಾ? ಹೊರನಾಡಿನಿಂದ ಬಂದ ಗಾಂಬೂಸಿಯಾ ಸ್ಥಳೀಯ ಮೀನುಗಳ ಮರಿಗಳನ್ನೂ ತಿನ್ನುತ್ತದೆ. ಕೆರೆಯಲ್ಲಿ ಹರಡಿದ ಮೇಲೆ ಅದನ್ನು ತೆಗೆಯುವುದು ಬಲು ಕಷ್ಟ. ಇಂಥ ಮೀನುಗಳಿಗೆ ಒಂದು ಉಪಾಯ ಸೂಚಿಸಲಾಗಿದೆ. ಎಕ್ಸ್‌ವೈ ಮರಿಗೆ ಹಾರ್ಮೋನು ಕೊಟ್ಟು ಹೆಣ್ಣಾಗಿ ಬೆಳೆಸಿ, ಸಾಮಾನ್ಯ ಗಂಡಿನೊಡನೆ ಕೂಡಿಸಿದರೆ ಮರಿಗಳಲ್ಲಿ ಕಾಲುಭಾಗ ವೈವೈ ಆಗುತ್ತವೆ. ವೈವೈ ಗಂಡಿಗೆ ಹುಟ್ಟುವುದೆಲ್ಲ ಗಂಡೇ! ಅಂಥವನ್ನು ಮತ್ತೆ ಮತ್ತೆ ಬಿಟ್ಟರೆ ಹೆಣ್ಣುಗಳು ಕಡಿಮೆಯಾಗಿ ಸಂತತಿ ಕ್ಷೀಣಿಸಬೇಕು. ಅಮೆರಿಕದ ಐಡಹೊ ರಾಜ್ಯದಲ್ಲಿ ಬ್ರೂಕ್ ಟ್ರೌಟ್ ಮೀನಿನ ಮೇಲೆ ಇದರ ಪರೀಕ್ಷೆ ನಡೆದಿದೆ. ಆದರೆ ವೈ ಇಲ್ಲದ ಅಫಿನಿಸ್‌ಗೆ ಈ ಉಪಾಯ ಹೊಂದದು. ಮೀನಿನ ವರ್ಣತಂತು ತಿಳಿಯದೆ ಪರಿಹಾರ ಹುಡುಕುವಂತಿಲ್ಲ.

ವಿದ್ಯಾರ್ಥಿಗಳೊಂದಿಗೆ ಗಪ್ಪಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿ, ತಂದೆಯ ಚುಕ್ಕೆಗಳನ್ನು ಮರಿಗಳೊಡನೆ ಹೋಲಿಸಿ ನೋಡಿ. ಪ್ರಯೋಗ ಮುಗಿದ ಮೇಲೆ ಅವನ್ನು ಕೆರೆಗೆ ಮಾತ್ರ ಬಿಡಬೇಡಿ.