ಮೆಲನೋಮ ಕ್ಯಾನ್ಸರಿಗೆ ಇಮ್ಯುನೊಥೆರಪಿ: ಲಾಭವೂ ಇದೆ, ಎಚ್ಚರಿಕೆಯೂ ಬೇಕು

ಕ್ಯಾನ್ಸರ್ ಎಂದಾಕ್ಷಣ ನಮ್ಮ ಜನರಿಗೆ ನೆನಪಾಗುವುದು ಮೂರು ಚಿಕಿತ್ಸೆಗಳು: ಆಪರೇಶನ್, ‘ಕರೆಂಟ್ ಕೊಡುವುದು’ ಎಂದು ಕರೆಯಲಾಗುವ ರೇಡಿಯೇಶನ್ ಮತ್ತು ಕಿಮೊಥೆರಪಿ. ಈಗ ಇವುಗಳ ಸಾಲಿಗೆ ಇಮ್ಯುನೊಥೆರಪಿ ಎಂಬ ನಾಲ್ಕನೆಯದು ಸೇರಿದೆ. ಇದರಲ್ಲಿ ಕೊಡುವ ಔಷಧ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗಿಯ ದೇಹದಲ್ಲಿರುವ ರೋಗ ನಿರೋಧಕ ಶಕ್ತಿಯೇ ಆ ಕೆಲಸ ಮಾಡುವಂತೆ ದಾರಿ ಬಿಡಿಸಿಕೊಡುತ್ತದೆ. ಈ ದಾರಿಯನ್ನು ತೋರಿಸಿದ ಅಮೆರಿಕದ ಡಾ. ಜೇಮ್ಸ್ ಆಲಿಸನ್ ಮತ್ತು ಜಪಾನಿನ ಡಾ. ತಾಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಇದು ಮೊದಲು ಫಲ ಕೊಟ್ಟದ್ದು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ.

ಮೆಲನೋಮ ಎಂದರೇನು?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಿಸಿಲಿಗೆ ಮೈಯೊಡ್ಡುವ ಬಿಳಿ ಚರ್ಮದವರಲ್ಲಿ, ಅಂದರೆ ಆಸ್ಟ್ರೇಲಿಯ, ಯುರೋಪ್, ಅಮೆರಿಕಗಳಲ್ಲಿ ಇದು ಹೆಚ್ಚು. ಭಾರತೀಯರಲ್ಲಿ ಅಪರೂಪ. ಆದರೆ ಕಪ್ಪು, ಕಂದು ಚರ್ಮದವರಲ್ಲಿ ಅದು ಕಾಣಿಸಿಕೊಳ್ಳುವ ಜಾಗವೇ ಬೇರೆ: ಅಂಗಾಲು, ಅಂಗೈ, ಉಗುರಿನ ಅಡಿ, ಕೆಲವೊಮ್ಮೆ ಬಾಯಿಯ ಒಳಭಾಗ. ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ ಅವರಿಗೆ ಕಾಲ್ಬೆರಳಿನ ಉಗುರಿನ ಅಡಿಯಲ್ಲಿ ಕಾಣಿಸಿಕೊಂಡ ಮೆಲನೋಮ ಮೆದುಳಿನವರೆಗೂ ಹರಡಿ, 1981ರಲ್ಲಿ 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗದ್ದೆ, ತೋಟಗಳಲ್ಲಿ ಬರಿಗಾಲಲ್ಲಿ ನಡೆಯುವ ನಮ್ಮವರು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ್ದೋ, ಕಲ್ಲು ತಾಗಿದ್ದೋ ಎಂದು ಬಿಟ್ಟುಬಿಡುವುದುಂಟು. ಕಲೆ ದೊಡ್ಡದಾಗುತ್ತಿದ್ದರೆ, ಅಂಚು ಸೊಟ್ಟಪಟ್ಟವಾಗಿದ್ದರೆ, ಬಣ್ಣ ಬದಲಾದರೆ, ವಾರಗಟ್ಟಲೆ ಮಾಯದ ಹುಣ್ಣಾದರೆ ವೈದ್ಯರಿಗೆ ತೋರಿಸಲೇಬೇಕು. ಬೇಗ ಗೊತ್ತಾದರೆ ಆಪರೇಶನ್ ಒಂದರಿಂದಲೇ ಗುಣವಾಗುವ ಕಾಯಿಲೆಯಿದು. ಬೇರೆ ಅಂಗಗಳಿಗೆ ಹರಡಿದ ಮೇಲೆ ಮಾತ್ರ, 2010ರವರೆಗೆ, ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಬ್ರೇಕ್ ಕಂಡುಹಿಡಿದ ಸಂಶೋಧಕ

ಡಾ. ಆಲಿಸನ್ ಹುಟ್ಟಿದ್ದು 1948ರಲ್ಲಿ, ಟೆಕ್ಸಾಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಅವರು ಇನ್ನೂ ಬಾಲಕರಾಗಿದ್ದಾಗಲೇ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಮುಂದೆ ಅವರು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ‘ಟಿ ಜೀವಕೋಶ’ಗಳ ಅಧ್ಯಯನದಲ್ಲಿ ತೊಡಗಿದರು. ಇವು ನಮ್ಮ ರಕ್ತದಲ್ಲಿರುವ ಕಾವಲು ಪಡೆ. ರೋಗಾಣು ಸೇರಿದ ಅಥವಾ ಕೆಟ್ಟುಹೋದ ಜೀವಕೋಶಗಳನ್ನು ಗುರುತಿಸಿ ಕೊಲ್ಲುವುದು ಇವುಗಳ ಕೆಲಸ.

ಟಿ ಜೀವಕೋಶವನ್ನು ಬಸ್ಸಿಗೆ ಹೋಲಿಸಬಹುದು. ಅದಕ್ಕೆ ಸ್ಟಾರ್ಟ್ ಮಾಡುವ ಕೀಲಿ ಇದೆ, ಮುಂದೆ ಓಡಿಸುವ ಎಕ್ಸಲರೇಟರ್ ಇದೆ, ಬ್ರೇಕ್ ಕೂಡ ಇದೆ. ಸಿಟಿಎಲ್‌ಎ-4 ಎಂಬ ಪ್ರೊಟೀನ್ ಈ ಬ್ರೇಕಿನ ಕೆಲಸ ಮಾಡುತ್ತದೆ ಎಂಬುದನ್ನು ಡಾ. ಆಲಿಸನ್ ಸೇರಿದಂತೆ ಕೆಲವು ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿಕೊಟ್ಟರು. ಆದರೆ ಈ ಬ್ರೇಕನ್ನು ತಾತ್ಕಾಲಿಕವಾಗಿ ತೆಗೆದರೆ ಕಾವಲು ಪಡೆ ಕ್ಯಾನ್ಸರಿನ ಮೇಲೆ ಎರಗಬಹುದೇ ಎಂದು ಪರೀಕ್ಷಿಸಿದವರು ಆಲಿಸನ್. 1994ರ ಕೊನೆಯಲ್ಲಿ ನಡೆದ ಮೊದಲ ಪ್ರಯೋಗದಲ್ಲಿಯೇ, ಬ್ರೇಕನ್ನು ತಡೆಯುವ ಪ್ರತಿಕಾಯ ಪಡೆದ ಇಲಿಗಳ ಗಡ್ಡೆಗಳು ಕರಗಿಹೋದವು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಆದರೂ ಔಷಧ ಕಂಪನಿಗಳು ಸುಲಭದಲ್ಲಿ ಮುಂದೆ ಬರಲಿಲ್ಲ. ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಲು ಇನ್ನೂ ಹದಿನೈದು ವರ್ಷ ಬೇಕಾಯಿತು.

2010ರಲ್ಲಿ 676 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಹೊರಬಂತು. ‘ಇಪಿಲಿಮುಮ್ಯಾಬ್’ ಎಂಬ ಈ ಔಷಧ, ಹರಡಿದ ಮೆಲನೋಮ ಇದ್ದವರ ಆಯುಷ್ಯವನ್ನು ಮೊದಲ ಬಾರಿಗೆ ಹೆಚ್ಚಿಸಿ ತೋರಿಸಿತು. 2011ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಡಾ. ಹೊಂಜೊ ಅವರು ಕ್ಯೋಟೊ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಕಂಡುಹಿಡಿದಿದ್ದ ಪಿಡಿ-1 ಎಂಬುದು ಇನ್ನೊಂದು ಬ್ರೇಕ್. ಅದನ್ನು ತಡೆಯುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಔಷಧಗಳು 2014ರಲ್ಲಿ ಬಂದವು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, 90ರ ವಯಸ್ಸಿನಲ್ಲಿ, ಮೆಲನೋಮ ಯಕೃತ್ತು ಮತ್ತು ಮೆದುಳಿಗೆ ಹರಡಿತ್ತು. ಆಪರೇಶನ್, ರೇಡಿಯೇಶನ್ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಪಡೆದ ಅವರು 2024ರ ಡಿಸೆಂಬರ್‌ನಲ್ಲಿ, ನೂರು ವರ್ಷ ತುಂಬಿದ ನಂತರ ನಿಧನರಾದರು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಎರಡು ಬ್ರೇಕ್‌ಗಳನ್ನೂ ಒಟ್ಟಿಗೆ ತಡೆಯುವ ಚಿಕಿತ್ಸೆಯ ಹತ್ತು ವರ್ಷಗಳ ಲೆಕ್ಕ 2024ರಲ್ಲಿ ಪ್ರಕಟವಾಗಿದ್ದು, ನೂರರಲ್ಲಿ 43 ಮಂದಿ ಬದುಕಿದ್ದರು. ಇಪಿಲಿಮುಮ್ಯಾಬ್ ಒಂದನ್ನೇ ಪಡೆದವರಲ್ಲಿ ಈ ಸಂಖ್ಯೆ 19.

ಬ್ರೇಕ್ ಇಲ್ಲದ ಬಸ್ಸು

ಇನ್ನು ನಾಣ್ಯದ ಮತ್ತೊಂದು ಮುಖ. ಶಿರಾಡಿ ಘಾಟಿ ಇಳಿಯುವ ಬಸ್ಸಿಗೆ ಬ್ರೇಕ್ ಇಲ್ಲದಿದ್ದರೆ ಏನಾದೀತು? ಕಾವಲು ಪಡೆ ನಮ್ಮದೇ ಅಂಗಗಳ ಮೇಲೆ ಎರಗದಂತೆ ತಡೆಯುವುದಕ್ಕಾಗಿಯೇ ದೇಹದಲ್ಲಿ ಈ ಬ್ರೇಕ್‌ಗಳಿವೆ. ಸಿಟಿಎಲ್‌ಎ-4 ಇಲ್ಲದೆಯೇ ಹುಟ್ಟಿದ ಇಲಿಗಳು ಕೆಲವೇ ವಾರಗಳಲ್ಲಿ ಸಾಯುತ್ತವೆ ಎಂಬುದು 1995ರಲ್ಲಿಯೇ ತಿಳಿದಿತ್ತು. ಹಾಗಾಗಿ ಈ ಔಷಧಗಳ ಅಡ್ಡ ಪರಿಣಾಮಗಳು ಕಿಮೊಥೆರಪಿಯ ಹಾಗಲ್ಲ. ಇಲ್ಲಿ ಕಾಣಿಸುವುದು ಉರಿಯೂತ, ಅದೂ ಯಾವ ಅಂಗದಲ್ಲಿ ಬೇಕಾದರೂ.

ಚರ್ಮದಲ್ಲಿ ತುರಿಕೆ, ದದ್ದು ಸಾಮಾನ್ಯ. ದೊಡ್ಡ ಕರುಳಿಗೆ ತಾಗಿದರೆ ಭೇದಿ, ಯಕೃತ್ತಿಗೆ ತಾಗಿದರೆ ಕಾಮಾಲೆ, ಶ್ವಾಸಕೋಶಕ್ಕೆ ತಾಗಿದರೆ ಕೆಮ್ಮು, ಏದುಸಿರು. ಥೈರಾಯ್ಡ್ ಮತ್ತು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗಳು ಕೆಟ್ಟರೆ ವಿಪರೀತ ಸುಸ್ತು, ತಲೆನೋವು ಬರುತ್ತದೆ. ಹಾರ್ಮೋನ್ ಮಾತ್ರೆಯನ್ನು ಅನೇಕರು ಜೀವಮಾನವಿಡೀ ನುಂಗಬೇಕಾಗುತ್ತದೆ. ಅಪರೂಪಕ್ಕೆ ಹೃದಯದ ಸ್ನಾಯುವಿಗೇ ಉರಿಯೂತ ಬಂದು ಪ್ರಾಣಕ್ಕೆ ಅಪಾಯವಾಗುತ್ತದೆ. ಎರಡು ಔಷಧಗಳನ್ನು ಒಟ್ಟಿಗೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಂಭೀರ ಅಡ್ಡ ಪರಿಣಾಮಗಳು ಕಂಡುಬಂದಿವೆ.

ಇನ್ನೊಂದು ಪರಿಣಾಮ ಮೈಮೇಲೆ ಬಿಳಿ ಮಚ್ಚೆಗಳು, ಅಂದರೆ ತೊನ್ನು. ಮೆಲನೋಮ ಹುಟ್ಟಿದ್ದು ಬಣ್ಣದ ಜೀವಕೋಶದಲ್ಲಿ ತಾನೇ? ಅದನ್ನು ಹುಡುಕಿ ಹೊರಟ ಟಿ ಜೀವಕೋಶಗಳು ಒಳ್ಳೆಯ ಬಣ್ಣದ ಕೋಶಗಳನ್ನೂ ಕೊಲ್ಲುತ್ತವೆ. ಇಂಥ ಮಚ್ಚೆ ಬಂದ ಮೆಲನೋಮ ರೋಗಿಗಳಲ್ಲಿ ಚಿಕಿತ್ಸೆ ಹೆಚ್ಚು ಫಲ ಕೊಡುವುದು ಕಂಡುಬಂದಿದೆ. ಅದು ಅಂಟುರೋಗವಲ್ಲ. ನೋಡಿ ದೂರ ಸರಿಯುವ ಅಗತ್ಯ ಯಾರಿಗೂ ಇಲ್ಲ.

ಮನೆಯವರು ತಿಳಿದಿರಬೇಕಾದದ್ದು

ಮೆಲನೋಮ ನಮ್ಮಲ್ಲಿ ಅಪರೂಪವಾದರೂ, ಇದೇ ಗುಂಪಿನ ಔಷಧಗಳನ್ನು ಶ್ವಾಸಕೋಶ, ಮೂತ್ರಪಿಂಡ, ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗಳಿಗೂ ಕೊಡಲಾಗುತ್ತದೆ. ಹೀಗಾಗಿ ಈ ಮಾತು ನಮ್ಮೂರಿನ ಮನೆಗಳಿಗೂ ಅನ್ವಯಿಸುತ್ತದೆ.

ಇಂಥ ಚಿಕಿತ್ಸೆಯಲ್ಲಿರುವವರಿಗೆ ದಿನಕ್ಕೆ ನಾಲ್ಕೈದು ಬಾರಿ ಭೇದಿಯಾದರೆ ಅದನ್ನು ಊಟದ ದೋಷವೆಂದು ತಿಳಿದು ಕಷಾಯ ಕುಡಿಸಿ, ಮೆಡಿಕಲ್‌ನಿಂದ ಮಾತ್ರೆ ತಂದು ಸುಮ್ಮನಿರಬಾರದು. ಅಲಕ್ಷಿಸಿದರೆ ಕರುಳಿಗೆ ತೂತು ಬೀಳುವ ಅಪಾಯವಿದೆ. ಹೊಸ ಕೆಮ್ಮು, ಎದೆನೋವು, ಕಣ್ಣು ಹಳದಿಯಾಗುವುದು, ತೀರಾ ನಿಶ್ಶಕ್ತಿ ಇವುಗಳಲ್ಲಿ ಯಾವುದಿದ್ದರೂ ಕ್ಯಾನ್ಸರ್ ವೈದ್ಯರಿಗೆ ಅದೇ ದಿನ ತಿಳಿಸಬೇಕು. ತುರ್ತಿಗೆ ಬೇರೆ ಆಸ್ಪತ್ರೆಗೆ ಹೋದರೆ, ಅಲ್ಲಿನ ವೈದ್ಯರಿಗೆ ಮೊದಲು ಹೇಳಬೇಕಾದದ್ದು ‘ಇವರು ಇಮ್ಯುನೊಥೆರಪಿ ತೆಗೆದುಕೊಂಡಿದ್ದಾರೆ’ ಎಂಬ ಮಾತು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ತೊಂದರೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಔಷಧದ ಹೆಸರು ಬರೆದ ಚೀಟಿ ಪರ್ಸಿನಲ್ಲಿರುವುದು ಒಳ್ಳೆಯದು.

ಅಡ್ಡ ಪರಿಣಾಮ ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದ ಕೆಲವರು ಮುಚ್ಚಿಡುತ್ತಾರೆ. ಇದು ತಪ್ಪು. ಬೇಗ ತಿಳಿಸಿದರೆ ಹೆಚ್ಚಿನವರಲ್ಲಿ ಸ್ಟೀರಾಯ್ಡ್ ಮಾತ್ರೆಗಳಿಂದಲೇ ಉರಿಯೂತ ಇಳಿಯುತ್ತದೆ. ತೊಂದರೆಯಿಂದಾಗಿ ಮಧ್ಯದಲ್ಲೇ ಔಷಧ ನಿಲ್ಲಿಸಿದ ಅನೇಕರಲ್ಲಿ ಆಮೇಲೂ ಕ್ಯಾನ್ಸರ್ ಹತೋಟಿಯಲ್ಲೇ ಉಳಿದಿದೆ. ಆದರೆ ಸ್ಟೀರಾಯ್ಡನ್ನು ತಾವಾಗಿ ಶುರು ಮಾಡುವುದೂ, ಒಮ್ಮೆಲೇ ನಿಲ್ಲಿಸುವುದೂ ಸಲ್ಲದು.

ವಾರ್ಡಿನ ಗುರಿಕಾರರು, ರೋಗಿಗಳ ಮನೆಗೆ ಭೇಟಿ ನೀಡುವ ಕಾರ್ಯಕರ್ತರು ಮುಂದಿನ ಬಾರಿ ಹೋದಾಗ ಕ್ಷೇಮ ವಿಚಾರಿಸುವುದರ ಜೊತೆಗೆ ‘ಯಾವ ಔಷಧ ಕೊಡುತ್ತಿದ್ದಾರೆ? ಹೊಟ್ಟೆ ಸರಿಯಿದೆಯಾ? ಉಸಿರಾಟ ಹೇಗಿದೆ?’ ಎಂದೂ ಕೇಳಲಿ. ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಯಾರಿದ್ದಾರೆ ಎಂಬುದನ್ನೂ ತಿಳಿದುಕೊಳ್ಳಲಿ. ವಯಸ್ಸಾದವರು ಒಬ್ಬರೇ ಇರುವ ಮನೆಗಳಲ್ಲಿ ಇಷ್ಟು ವಿಚಾರಿಸುವುದರಿಂದಲೇ ಒಂದು ಜೀವ ಉಳಿಯಬಹುದು.