ಒಬ್ಬರೇ ಇಟಲಿಗೆ ಹೊರಟವರು ಗ್ರೂಪ್ ಟೂರ್ ಸೇರಬೇಕಾ? ಮೊದಲು ಈ ಲೆಕ್ಕ ನೋಡಿ

ಇಟಲಿ ಗ್ರೂಪ್ ಟೂರ್‌ನ ಯಾವ ಜಾಹೀರಾತನ್ನಾದರೂ ತೆಗೆದು ನೋಡಿ. ಮೇಲೆ ರೋಮ್‌ನ ಕೊಲೋಸಿಯಂ ಫೋಟೊ, ಪಕ್ಕದಲ್ಲಿ ದಪ್ಪಕ್ಷರದ ಬೆಲೆ, ಬೆಲೆಯ ನೆತ್ತಿ ಮೇಲೊಂದು ನಕ್ಷತ್ರ. ಆ ನಕ್ಷತ್ರ ಹಿಡಿದು ಪುಟದ ಬುಡಕ್ಕೆ ಬಂದರೆ ಸಣ್ಣಕ್ಷರದಲ್ಲಿ ಒಂದು ಸಾಲು ಸಿಗತ್ತೆ: 'ಟ್ವಿನ್ ಶೇರಿಂಗ್ ಆಧಾರದ ಮೇಲೆ, ತಲಾ'. ಅಂದ್ರೆ ಮೇಲೆ ಕಂಡ ಬೆಲೆ ಜೋಡಿಯಾಗಿ ಬರುವವರದ್ದು. ನೀವು ಒಬ್ಬರೇ ಹೊರಟಿದ್ದರೆ ನಿಮ್ಮ ಬೆಲೆ ಬೇರೆ, ಅದನ್ನು ಫೋನ್ ಮಾಡಿ ಕೇಳಿದ ಮೇಲಷ್ಟೇ ಹೇಳ್ತಾರೆ.

ಮೂವತ್ತರ ಆಸುಪಾಸಿನವರು, ಅದರಲ್ಲೂ ಹೆಣ್ಣುಮಕ್ಕಳು, ಒಬ್ಬರೇ ಪ್ರವಾಸ ಹೋಗೋದು ಬೆಂಗಳೂರಿಗೆ ಈಗ ಹೊಸ ಸುದ್ದಿಯಲ್ಲ. ಆದರೆ ಮೊದಲ ಸಲ ಯುರೋಪ್ ಅಂದಾಗ ವೀಸಾ ಕಾಗದಪತ್ರದ ತಲೆನೋವು, ಗೊತ್ತಿಲ್ಲದ ಭಾಷೆ, ಮನೆಯವರ ಆತಂಕ ಎಲ್ಲ ಸೇರಿಕೊಂಡು 'ಸುಮ್ನೆ ಒಂದು ಗ್ರೂಪ್ ಸೇರ್ಕೊಂಡ್ಬಿಡು' ಅನ್ನೋ ಸಲಹೆ ಬರುತ್ತೆ. ಸಲಹೆ ಕೆಟ್ಟದ್ದೇನಲ್ಲ. ಆದರೆ ಗ್ರೂಪ್ ಟೂರ್ ಅಂದರೆ ರೂಮು, ಬಸ್ಸು, ಗೈಡು, ಟಿಕೆಟ್ಟು, ಊಟ, ಜೊತೆಗಾರರು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮಾರುವ ವ್ಯವಹಾರ. ಗಂಟು ಬಿಚ್ಚಿ ನೋಡಿದರೆ ಯಾವುದಕ್ಕೆ ದುಡ್ಡು ಕೊಡೋದು ಸರಿ, ಯಾವುದಕ್ಕೆ ಬೇಡ ಅಂತ ಗೊತ್ತಾಗತ್ತೆ. ಇಟಲಿಯ ಊರುಗಳಿಗೆ ಈ ಗಂಟಿನ ಮೇಲೆ ಯಾಕೆ ಇಷ್ಟು ಸಿಟ್ಟು ಅನ್ನೋದೂ ಅರ್ಥವಾಗತ್ತೆ.

ಒಂಟಿ ರೂಮಿನ ದಂಡ

ಒಂದು ಉದಾಹರಣೆ ಹಿಡಿಯೋಣ. ಹೋಟೆಲ್ ರೂಮಿಗೆ ರಾತ್ರಿಗೆ 120 ಯೂರೊ. ಇಬ್ಬರಿದ್ದರೆ ತಲೆಗೆ 60. ಒಬ್ಬರೇ ಇದ್ದರೆ ಅದೇ ರೂಮು, ಅದೇ ಎರಡು ಹಾಸಿಗೆ, ಪೂರ್ತಿ 120. ಏಳು ರಾತ್ರಿಗೆ 420 ಯೂರೊ ಹೆಚ್ಚು. ಇದನ್ನೇ ಟೂರ್ ಕಂಪನಿಗಳು 'ಸಿಂಗಲ್ ಸಪ್ಲಿಮೆಂಟ್' ಅಂತ ಕರೆಯೋದು. ಹೋಟೆಲ್‌ನವರ ಕಡೆಯಿಂದ ನೋಡಿದರೆ ಇದರಲ್ಲಿ ಮೋಸವಿಲ್ಲ. ರೂಮಿನ ಖರ್ಚು ರೂಮಿಗೆ ಬೀಳತ್ತೆ, ತಲೆಗಲ್ಲ.

ಆದರೆ ಬಸ್ಸಿನ ಲೆಕ್ಕ ಉಲ್ಟಾ. ದಿನಕ್ಕೆ ಒಂದು ಸಾವಿರ ಯೂರೊ ಬಾಡಿಗೆಯ ಬಸ್ಸಲ್ಲಿ 40 ಜನ ಕೂತರೆ ತಲೆಗೆ 25, 20 ಜನ ಕೂತರೆ 50. ಗೈಡ್ ಸಂಬಳದ ಲೆಕ್ಕವೂ ಹೀಗೇ. ಅಂದ್ರೆ ಹೊರಡೋದು ಖಚಿತವಾದ ಟೂರ್‌ನಲ್ಲಿ ಉಳಿದ ಒಂದು ಖಾಲಿ ಸೀಟು ತುಂಬುವ ಒಂಟಿ ಪ್ರಯಾಣಿಕರು ಕಂಪನಿಗೆ ಬಹುಪಾಲು ಲಾಭವೇ. ರೂಮಿನ ನಷ್ಟ ತೋರಿಸಿ ಹೆಚ್ಚು ಕೇಳುವವರು ಸೀಟಿನ ಲಾಭದ ಬಗ್ಗೆ ಮಾತಾಡಲ್ಲ. ಚೌಕಾಸಿಗೆ ಜಾಗ ಇರೋದು ಇಲ್ಲೇ.

ಎರಡನೇ ದಾರಿ, ರೂಮ್ ಹಂಚಿಕೊಳ್ಳೋಕೆ ಒಪ್ಪಿಕೊಳ್ಳೋದು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅಂತ ಕಂಪನಿಯೇ ಜೋಡಿ ಹುಡುಕತ್ತೆ. ಜೋಡಿ ಸಿಗದೇ ಹೋದರೆ ಏನು? ಕೆಲವರು ಹೆಚ್ಚುವರಿ ಹಣ ಕೇಳದೆ ಒಂಟಿ ರೂಮು ಕೊಡ್ತಾರೆ. ಇನ್ನು ಕೆಲವರು ಹೊರಡುವ ಹತ್ತು ದಿನ ಮುಂಚೆ ಫೋನ್ ಮಾಡಿ ಹೆಚ್ಚಿನ ದುಡ್ಡು ಕಟ್ಟಿ ಅಂತಾರೆ. ಇದನ್ನು ಮುಂಗಡ ಕೊಡುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕು.

ಊರಿನ ಪ್ರವಾಸಿ ತೆರಿಗೆ ಮಾತ್ರ ತಲೆಲೆಕ್ಕದ್ದು. ರೋಮ್‌ನ ನಾಲ್ಕು ನಕ್ಷತ್ರದ ಹೋಟೆಲ್‌ನಲ್ಲಿ 2023ರ ಅಕ್ಟೋಬರ್‌ನಿಂದ ಒಬ್ಬರಿಗೆ ಒಂದು ರಾತ್ರಿಗೆ 7.50 ಯೂರೊ. ಪ್ಯಾಕೇಜಿನೊಳಗೆ ಇದು ಸೇರಿದೆಯೋ, ಕೌಂಟರಲ್ಲಿ ಬೇರೆ ಕಟ್ಟಬೇಕೋ, ಕೇಳಿ ಇಟ್ಟುಕೊಳ್ಳಿ.

ಬಸ್ಸು ನಿಲ್ಲೋದು ಯಾರಿಗೋಸ್ಕರ?

ಟೂರ್ ಬಸ್ಸಲ್ಲಿ ಎಲ್ಲರೂ ಗೊಣಗುವ ವಿಷಯ ಒಂದಿದೆ: ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಮುಕ್ಕಾಲು ಗಂಟೆ ಯಾಕೆ ನಿಲ್ಲಿಸ್ತಾರೆ, ರಾತ್ರಿ ಇನ್ನೊಂದು ರೌಂಡ್ ಯಾಕೆ ಸುತ್ತಿಸಲ್ಲ ಅಂತ. ಕಾರಣ ಯುರೋಪಿಯನ್ ಒಕ್ಕೂಟದ ಕಾರ್ಮಿಕ ನಿಯಮ. ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್‌ಗೆ 45 ನಿಮಿಷ ಬಿಡುವು ಕೊಡಲೇಬೇಕು, ಅದನ್ನು ಬಿಡಿಬಿಡಿಯಾಗಿ ಕೊಡುವ ಅವಕಾಶವೂ ಇದೆ. ದಿನಕ್ಕೆ ಓಡಿಸೋದು ಸಾಮಾನ್ಯವಾಗಿ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10ಕ್ಕೆ ಹಿಗ್ಗಿಸಬಹುದು. ದಿನದ ವಿಶ್ರಾಂತಿ ಸಾಮಾನ್ಯವಾಗಿ 11 ಗಂಟೆ. ಇದೆಲ್ಲ ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಯಂತ್ರದಲ್ಲಿ ದಾಖಲಾಗತ್ತೆ. ನಮ್ಮೂರಲ್ಲಿ ರಾತ್ರಿಯಿಡೀ ಓಡಿಸಿ ಬೆಳಗ್ಗೆ ಮತ್ತೆ ಗಾಡಿ ಹತ್ತುವ ಟ್ಯಾಕ್ಸಿ ಡ್ರೈವರ್‌ಗಳನ್ನು ನೋಡಿರುವ ನಮಗೆ ಇದು ತೊಂದರೆ ಅನ್ನಿಸಬಹುದು. ಇದು ಅವರ ಹಕ್ಕು. ಟೂರ್‌ನ ವೇಳಾಪಟ್ಟಿ ನಿಂತಿರೋದೇ ಇದರ ಮೇಲೆ.

ಹಾಗಾದ್ರೆ ಬಸ್ಸು ಬೇಕೇ ಬೇಕಾ? ಹಳ್ಳಿಗಾಡಿನ ತೋಸ್ಕಾನಾ ಸುತ್ತೋಕೆ ಹೌದು. ರೋಮ್, ಫ್ಲಾರೆನ್ಸ್, ವೆನಿಸ್‌ನಂಥ ದೊಡ್ಡ ಊರುಗಳ ನಡುವೆ ಬೇಕಿಲ್ಲ. ಇಟಲಿಯ ಹೈಸ್ಪೀಡ್ ರೈಲಿನಲ್ಲಿ 2012ರಿಂದ ಸರ್ಕಾರಿ ಕಂಪನಿಗೂ ಇಟಾಲೊ ಎಂಬ ಖಾಸಗಿ ಕಂಪನಿಗೂ ಪೈಪೋಟಿ ಇದೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಮುಂಚೆಯೇ ಬುಕ್ ಮಾಡಿದರೆ ಟಿಕೆಟ್ ಅಗ್ಗ. ಹಳೇ ಪೇಟೆಗಳೊಳಗೆ ವಾಹನ ನಿರ್ಬಂಧ ಇರೋದರಿಂದ ಟೂರ್ ಬಸ್ಸು ಊರಂಚಿನಲ್ಲೇ ಇಳಿಸತ್ತೆ. ರೈಲು ನಿಮ್ಮನ್ನು ಊರಿನ ಮಧ್ಯಕ್ಕೆ ಬಿಡತ್ತೆ. ವೆನಿಸ್‌ನ ಸಾಂತಾ ಲೂಚಿಯಾ ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೇ ಗ್ರ್ಯಾಂಡ್ ಕೆನಾಲ್.

ರೈಲು ಮುಷ್ಕರದ ಭಯ ಇದ್ದರೆ ಒಂದು ವಿಷಯ ತಿಳಿದಿರಲಿ. 1990ರ ಕಾನೂನಿನ ಪ್ರಕಾರ ಅಗತ್ಯ ಸೇವೆಗಳಲ್ಲಿ ಮುಷ್ಕರವನ್ನು ಮೊದಲೇ ಘೋಷಿಸಬೇಕು. ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಸ್ಥಳೀಯ ರೈಲುಗಳಲ್ಲಿ ಕನಿಷ್ಠ ಸೇವೆ ಇರಲೇಬೇಕು. ಮುಷ್ಕರದ ಹಕ್ಕೂ ಉಳಿಯಬೇಕು, ಜನರೂ ಮನೆ ಸೇರಬೇಕು ಅನ್ನೋ ಹೊಂದಾಣಿಕೆ ಇದು.

ಟಿಕೆಟ್ ಖಾಲಿ ಆಗಿದ್ದು ಹೇಗೆ?

ಗ್ರೂಪ್ ಟೂರ್ ಪರವಾಗಿ ಹೇಳುವ ಅತಿ ಗಟ್ಟಿ ಮಾತು, 'ನೀವೇ ಹೋದರೆ ಟಿಕೆಟ್ ಸಿಗಲ್ಲ' ಅನ್ನೋದು. ಅದರಲ್ಲಿ ನಿಜ ಇದೆ. ಕೊಲೋಸಿಯಂ ಒಳಗೆ ಒಂದು ಹೊತ್ತಿಗೆ 3,000 ಜನಕ್ಕಷ್ಟೇ ಜಾಗ. ಮಿಲಾನ್‌ನಲ್ಲಿ ಲಿಯೊನಾರ್ಡೊನ 'ಕೊನೆಯ ಭೋಜನ' ಚಿತ್ರ ನೋಡೋಕೆ ಸಣ್ಣ ತಂಡಗಳಲ್ಲಿ 15 ನಿಮಿಷ ಮಾತ್ರ ಬಿಡ್ತಾರೆ. ಪೊಂಪೆಯಲ್ಲಿ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ.

ಆದರೆ ಟಿಕೆಟ್ ಯಾಕೆ ಖಾಲಿ ಆಗತ್ತೆ ಅನ್ನೋದಕ್ಕೆ ಇನ್ನೊಂದು ಉತ್ತರವೂ ಇದೆ. 2025ರ ಏಪ್ರಿಲ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಕೊಲೋಸಿಯಂ ಟಿಕೆಟ್ ಮಾರಾಟದ ಗುತ್ತಿಗೆ ಹಿಡಿದಿದ್ದ ಸಂಸ್ಥೆಗೂ ಆರು ಪ್ರವಾಸ ಕಂಪನಿಗಳಿಗೂ ಒಟ್ಟು ಸುಮಾರು 2 ಕೋಟಿ ಯೂರೊ ದಂಡ ಹಾಕಿತು. ಪ್ರಾಧಿಕಾರ ಕಂಡುಕೊಂಡಿದ್ದು ಇಷ್ಟು: ಮೂಲ ಬೆಲೆಯ ಟಿಕೆಟ್‌ಗಳನ್ನು ಬಾಟ್‌ಗಳೂ ಸೇರಿದಂತೆ ಸ್ವಯಂಚಾಲಿತ ವಿಧಾನಗಳಿಂದ ಸಗಟಾಗಿ ಬಾಚಿಕೊಳ್ಳಲಾಗುತ್ತಿತ್ತು. ಗುತ್ತಿಗೆ ಹಿಡಿದಿದ್ದ ಸಂಸ್ಥೆ ಇದನ್ನು ತಡೆಯಲು ಸಾಕಷ್ಟು ಕ್ರಮ ಕೈಗೊಳ್ಳಲಿಲ್ಲ, ಸಾಲದ್ದಕ್ಕೆ ದೊಡ್ಡ ಸಂಖ್ಯೆಯ ಟಿಕೆಟ್‌ಗಳನ್ನು ತನ್ನದೇ ಗೈಡ್ ಟೂರ್‌ಗಳಿಗೆ ಎತ್ತಿಟ್ಟುಕೊಂಡಿತ್ತು. ಸಾಮಾನ್ಯ ಜನಕ್ಕೆ ಉಳಿದದ್ದು ಗೈಡ್ ಜೊತೆ ಕಟ್ಟಿದ ದುಬಾರಿ ಟಿಕೆಟ್.

ಅಂದ್ರೆ, ಯಾವ ಅಭಾವಕ್ಕೆ ಹೆದರಿ ನೀವು ಟೂರ್ ಕೊಳ್ಳುತ್ತೀರೋ, ಅದರಲ್ಲೊಂದು ಪಾಲು ಟೂರ್ ಮಾರುವವರೇ ಹುಟ್ಟಿಸಿದ್ದು. ಕೊಲೋಸಿಯಂ ಟಿಕೆಟ್ ಮೇಲೆ 2023ರ ಅಕ್ಟೋಬರ್‌ನಿಂದ ಪ್ರಯಾಣಿಕರ ಹೆಸರು ಇರಬೇಕೆಂಬ ನಿಯಮ ಬಂದಿದ್ದು ಕಾಳಸಂತೆಗೆ ತಡೆ ಹಾಕೋಕೇ. ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಟಿಕೆಟ್ ಮೇಲೂ ಇರಬೇಕು. ಇದರಲ್ಲಿ ಒಂಟಿ ಪ್ರಯಾಣಿಕರಿಗೆ ಒಂದು ಅನುಕೂಲವೂ ಇದೆ. ನಾಲ್ಕು ಟಿಕೆಟ್ ಒಟ್ಟಿಗೆ ಸಿಗದ ಹೊತ್ತಿನಲ್ಲೂ ಅಧಿಕೃತ ತಾಣದಲ್ಲಿ ಒಂದು ಟಿಕೆಟ್ ಸಿಗುವ ಸಾಧ್ಯತೆ ಹೆಚ್ಚು.

ಗೈಡ್ ವಿಷಯಕ್ಕೆ ಬಂದರೆ, ಅದು ದುಡ್ಡು ಕೊಡಲೇಬೇಕಾದ ಭಾಗ. ಇಟಲಿಯಲ್ಲಿ ಗೈಡ್ ಆಗೋಕೆ ಪರವಾನಗಿ ಬೇಕು, 2023ರ ಕಾನೂನು ಅದಕ್ಕೆ ರಾಷ್ಟ್ರೀಯ ಮಟ್ಟದ ಪರೀಕ್ಷೆ ತಂದಿದೆ. ಭಾರತದಿಂದ ಜೊತೆಗೆ ಬರುವ ಟೂರ್ ಮ್ಯಾನೇಜರ್ ಕೆಲಸ ಹೋಟೆಲ್, ಊಟ, ತಲೆ ಎಣಿಕೆ. ಸ್ಮಾರಕಗಳಲ್ಲಿ ಇತಿಹಾಸ ಹೇಳೋರು ಸ್ಥಳೀಯ ಗೈಡ್. ಆ ಸ್ಥಳೀಯ ಗೈಡ್ ನಿಮ್ಮ ಜೊತೆ ಇರೋದು ಎಷ್ಟು ಗಂಟೆ ಅನ್ನೋದೇ ಟೂರ್‌ನ ನಿಜವಾದ ಗುಣಮಟ್ಟ.

ಹಗಲಿಗೆ ಬಂದು ಹೋಗುವವರು

ಈಗ ಊರಿನವರ ಕಡೆಯಿಂದ ನೋಡೋಣ. ವೆನಿಸ್‌ನ ಹಳೇ ಊರಲ್ಲಿ 1951ರಲ್ಲಿ ಸುಮಾರು 1,75,000 ಜನ ಇದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೊ ಸೇತುವೆ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಒಂದು ಡಿಜಿಟಲ್ ಫಲಕ ಇದೆ. ಊರಲ್ಲಿ ಎಷ್ಟು ನಿವಾಸಿಗಳು ಉಳಿದಿದ್ದಾರೆ ಅಂತ ಅದು ತೋರಿಸತ್ತೆ. 2023ರಲ್ಲಿ ಪ್ರವಾಸಿಗಳ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನೇ ದಾಟಿತು ಅನ್ನೋದು ಅಲ್ಲಿನ ನಾಗರಿಕ ಗುಂಪುಗಳ ಲೆಕ್ಕ.

ಅಗ್ಗದ ಪ್ಯಾಕೇಜ್‌ಗಳಲ್ಲಿ 'ವೆನಿಸ್' ಹೇಗಿರತ್ತೆ ಅಂದ್ರೆ, ರಾತ್ರಿ ವಾಸ ಸೇತುವೆಯಾಚೆ ಮೆಸ್ತ್ರೆಯಲ್ಲೋ ಇನ್ನೂ ದೂರದಲ್ಲೋ. ಬೆಳಗ್ಗೆ ಹತ್ತಕ್ಕೆ ದೋಣಿಯಲ್ಲಿ ಬಂದು, ಸಾನ್ ಮಾರ್ಕೊ ಚೌಕದಲ್ಲಿ ಫೋಟೊ, ಒಂದು ಗೊಂಡೋಲಾ ಸುತ್ತು, ಸಂಜೆಗೆ ವಾಪಸ್ 'ಇಂಡಿಯನ್ ಡಿನ್ನರ್'. ಊರಿಗೆ ಉಳಿಯೋದು ಕಸ, ನೂಕುನುಗ್ಗಲು. ರೂಮಿನ ದುಡ್ಡು, ಊಟದ ದುಡ್ಡು ಬೇರೆ ಕಡೆಗೆ.

ಇದಕ್ಕೇ 2024ರಲ್ಲಿ ವೆನಿಸ್ ಹಗಲಿಗೆ ಬಂದು ಹೋಗುವವರ ಮೇಲೆ ಪ್ರವೇಶ ಶುಲ್ಕ ಹಾಕಿತು. ಮೊದಲ ವರ್ಷ 29 ದಿನ, 5 ಯೂರೊ. 2025ರಲ್ಲಿ 54 ದಿನ, ಕೊನೆ ಗಳಿಗೆಯಲ್ಲಿ ಕಟ್ಟಿದರೆ 10 ಯೂರೊ. ನಗರಪಾಲಿಕೆ ವ್ಯಾಪ್ತಿಯಲ್ಲಿ ರಾತ್ರಿ ಉಳಿಯುವವರಿಗೆ ವಿನಾಯಿತಿ ಇದೆ, ಆದರೆ ಮೊದಲೇ ನೋಂದಣಿ ಮಾಡಿಕೊಳ್ಳಬೇಕು. ಅದೇ 2024ರಲ್ಲಿ ಗೈಡ್ ಜೊತೆಗಿನ ಗುಂಪುಗಳಿಗೆ 25 ಜನರ ಮಿತಿ ಹಾಕಿ, ಧ್ವನಿವರ್ಧಕ ನಿಷೇಧಿಸಿದರು. 40 ಜನರ ಬಸ್ಸು ಈಗ ಎರಡು ಗುಂಪಾಗಿ ಒಡೆಯಬೇಕು, ಇಬ್ಬರು ಗೈಡ್ ಬೇಕು.

ಶುಲ್ಕ ಶುರುವಾದ ದಿನವೇ ವೆನಿಸ್‌ನ ನಿವಾಸಿಗಳಲ್ಲಿ ಕೆಲವರು ಅದರ ವಿರುದ್ಧವೂ ಬೀದಿಗಿಳಿದರು. ಊರಿಗೆ ಟಿಕೆಟ್ ಇಟ್ಟರೆ ಅದು ಮನರಂಜನಾ ಪಾರ್ಕ್ ಆಗತ್ತೆ, ನಮಗೆ ಬೇಕಿರೋದು ಬಾಡಿಗೆಗೆ ಮನೆ ಅನ್ನೋದು ಅವರ ವಾದ. ಈ ವಾದ ಒಂಟಿ ಪ್ರಯಾಣಿಕರನ್ನೂ ಮುಟ್ಟತ್ತೆ. ಗ್ರೂಪ್ ಬೇಡ ಅಂತ ಹಳೇ ಪೇಟೆಯಲ್ಲಿ ಆ್ಯಪ್ ಮೂಲಕ ಒಂದು ಫ್ಲ್ಯಾಟ್ ಹಿಡಿದರೆ, ಅಲ್ಲಿ ಬಾಡಿಗೆಗಿದ್ದ ಕುಟುಂಬದ ಜಾಗಕ್ಕೆ ನೀವು ಬಂದಿರಬಹುದು. ಫ್ಲಾರೆನ್ಸ್ 2023ರಲ್ಲಿ ತನ್ನ ಹಳೇ ಊರಿನೊಳಗೆ ಇಂಥ ಹೊಸ ಬಾಡಿಗೆಗಳನ್ನು ತಡೆಯುವ ನಿರ್ಧಾರ ಮಾಡಿದ್ದು ಇದೇ ಕಾರಣಕ್ಕೆ. ಗ್ರೂಪ್ ಬಿಟ್ಟ ಮಾತ್ರಕ್ಕೆ ನಮ್ಮ ಕೈ ಶುದ್ಧವಾಗಲ್ಲ.

ಇದಕ್ಕೊಂದು ಮಧ್ಯದ ದಾರಿ ಇದೆ. ಇಟಲಿಯ ಬಹಳ ಊರುಗಳಲ್ಲಿ ಕಾನ್ವೆಂಟ್‌ಗಳು, ಧಾರ್ಮಿಕ ಸಂಸ್ಥೆಗಳು ಅತಿಥಿಗೃಹ ನಡೆಸುತ್ತವೆ. ಇವುಗಳಲ್ಲಿ ನಿಜವಾದ ಒಂಟಿ ಹಾಸಿಗೆಯ ರೂಮುಗಳು, ಒಂಟಿ ಬೆಲೆಗೇ ಸಿಗತ್ತೆ. ಸುರಕ್ಷಿತ, ಶುಚಿ. ರಾತ್ರಿ ಇಂತಿಷ್ಟು ಹೊತ್ತಿಗೆ ಬಾಗಿಲು ಹಾಕುವ ನಿಯಮ ಇರಬಹುದು, ಹಾಸ್ಟೆಲ್‌ನಲ್ಲಿ ಓದಿದವರಿಗೆ ಅದೇನು ಹೊಸದಲ್ಲ.

ಹಾಗಾದ್ರೆ ಸೇರಬೇಕಾ, ಬೇಡವಾ?

ಜೊತೆ ಬೇಕು ಅನ್ನೋದು ಅವಮಾನದ ವಿಷಯವಲ್ಲ. ಹುಷಾರು ತಪ್ಪಿದರೆ, ಪಾಸ್‌ಪೋರ್ಟ್ ಕಳೆದರೆ ಪಕ್ಕದಲ್ಲಿ ಒಬ್ಬರಿರೋದಕ್ಕೆ ಬೆಲೆ ಇದೆ. ಒಂಟಿ ಹೆಣ್ಣುಮಕ್ಕಳಿಗೆ ಇದು ಇನ್ನೂ ಹೆಚ್ಚು. ಆದರೆ ನಮ್ಮವರೇ ತುಂಬಿದ ಬಸ್ಸಲ್ಲಿ 'ಒಬ್ರೇ ಬಂದಿದೀರಾ? ಮನೇಲಿ ಬಿಟ್ರಾ?' ಅನ್ನೋ ಪ್ರಶ್ನೆಗೆ ದಿನಾ ಬೆಳಗ್ಗೆ ತಿಂಡಿ ಜೊತೆ ಉತ್ತರ ಕೊಡೋಕೂ ತಯಾರಿರಬೇಕು.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಒಪ್ಪುವುದು ಬಿಡಿಬಿಡಿಯಾಗಿ ಕೊಳ್ಳೋದು. ಊರಿಂದ ಊರಿಗೆ ರೈಲು, ಊರೊಳಗೇ ವಾಸ, ಪ್ರತಿ ಊರಲ್ಲೂ ಅರ್ಧ ದಿನ ಪರವಾನಗಿ ಇರುವ ಗೈಡ್ ಜೊತೆ ಸಣ್ಣ ಗುಂಪಿನ ನಡಿಗೆ. ಆ ಗುಂಪಲ್ಲಿ ಬೇರೆ ದೇಶದ ಒಂಟಿ ಪ್ರಯಾಣಿಕರೂ ಸಿಕ್ತಾರೆ. ಪೂರ್ತಿ ಪ್ಯಾಕೇಜೇ ಬೇಕು ಅಂದರೆ, ದುಡ್ಡು ಕಟ್ಟುವ ಮುಂಚೆ ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ:

1. ರೂಮ್ ಹಂಚಿಕೊಳ್ಳಲು ಒಪ್ಪಿಯೂ ಜೋಡಿ ಸಿಗದಿದ್ದರೆ ಹೆಚ್ಚುವರಿ ಹಣ ಯಾರ ತಲೆಗೆ?

2. ಹೋಟೆಲ್‌ಗಳ ಹೆಸರು, ವಿಳಾಸ ಏನು? ವೆನಿಸ್ ಅಂದ್ರೆ ವೆನಿಸ್ಸಾ, ಮೆಸ್ತ್ರೆಯಾ?

3. ಯಾವ ಸ್ಮಾರಕದ ಒಳಗೆ ಪ್ರವೇಶ, ಯಾವುದು ಬರೀ ಹೊರಗಿನಿಂದ ನೋಡೋದು? 'ಫೋಟೊ ಸ್ಟಾಪ್' ಅಂದ್ರೆ ಟಿಕೆಟ್ ಇಲ್ಲ ಅಂತ ಅರ್ಥ.

4. ಪ್ರತಿ ಊರಲ್ಲೂ ಸ್ಥಳೀಯ ಗೈಡ್ ಎಷ್ಟು ಗಂಟೆ, ಗುಂಪಿನಲ್ಲಿ ಎಷ್ಟು ಜನ?

5. ಸಾಕಷ್ಟು ಜನ ಸೇರದೆ ಟೂರ್ ರದ್ದಾದರೆ ಎಷ್ಟು ದಿನ ಮುಂಚೆ ತಿಳಿಸ್ತೀರಿ, ವೀಸಾ ಶುಲ್ಕವೂ ಸೇರಿ ಎಷ್ಟು ವಾಪಸ್?

ಕೊನೆಯ ಪ್ರಶ್ನೆ ಸಣ್ಣದಲ್ಲ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ. ಟೂರ್ ರದ್ದಾಯ್ತು ಅಂತ ಯಾವ ದೂತಾವಾಸವೂ ಅದನ್ನು ವಾಪಸ್ ಕೊಡಲ್ಲ. ಈ ಐದಕ್ಕೂ ನೇರ ಉತ್ತರ ಕೊಡುವ ಕಂಪನಿ ಸಿಕ್ಕರೆ, ಸಿಂಗಲ್ ಸಪ್ಲಿಮೆಂಟ್ ಕಟ್ಟಿಯಾದರೂ ಹೋಗಿ ಬನ್ನಿ.