ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಯ ಎಣ್ಣೆ: ಬದಲಿಸುವುದು ಯಾವಾಗ?

ಎಂಜಿನ್ ಎಣ್ಣೆಯನ್ನು ತಪ್ಪದೆ ಬದಲಿಸುವ ರೈತರಲ್ಲಿಯೂ ಅನೇಕರು ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಮರೆಯುತ್ತಾರೆ. 'ಅದು ಉರಿಯುವುದಿಲ್ಲ, ಬದಲಿಸುವುದೇಕೆ?' ಎನ್ನುತ್ತಾರೆ. ಇದು ತಪ್ಪು ತಿಳಿವಳಿಕೆ. ಹಲ್ಲುಗಳು ಸವೆದು ಉದುರಿದ ಉಕ್ಕಿನ ಪುಡಿ ಎಣ್ಣೆಯಲ್ಲಿಯೇ ಉಳಿಯುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ನೇಗಿಲನ್ನು ಎತ್ತಿ ಇಳಿಸುವುದೂ ಇದೇ ಎಣ್ಣೆ.

ಸಾಮಾನ್ಯವಾಗಿ ಸುಮಾರು 1000 ತಾಸು ದುಡಿದ ಮೇಲೆ ಬದಲಿಸುವುದುಂಟು. ಆದರೆ ನಿಮ್ಮ ಟ್ರ್ಯಾಕ್ಟರಿನ ಕೈಪಿಡಿ ಹೇಳಿದ ತಾಸು, ಹೇಳಿದ ಎಣ್ಣೆಯೇ ಪ್ರಮಾಣ.

ಕೆಲವು ಲಕ್ಷಣ ಕಂಡಾಗ ತಾಸು ಎಣಿಸುತ್ತ ಕೂಡ್ರಬಾರದು. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಕೂಡಲೇ ಬದಲಿಸಿರಿ. ಡೋಣಿಯ ನೀರಿನಲ್ಲಿ ಟ್ರ್ಯಾಕ್ಟರು ದಾಟಿಸಿದವರು ಮರುದಿನವೇ ಅಳತೆಕಡ್ಡಿ ತೆಗೆದು ನೋಡಬೇಕು. ಸುಟ್ಟ ವಾಸನೆಯೂ ಎಚ್ಚರಿಕೆಯೇ. ಎಣ್ಣೆಯಲ್ಲಿ ಉಕ್ಕಿನ ಚೂರು ಸಿಕ್ಕರೆ ಎಣ್ಣೆ ಬದಲಿಸಿದರಷ್ಟೇ ಸಾಲದು, ಮೆಕ್ಯಾನಿಕನಿಗೆ ತೋರಿಸಿರಿ.

ಕೆಲಸ ಮುಗಿದು ಎಣ್ಣೆ ಬೆಚ್ಚಗಿರುವಾಗ, ಸಮನೆಲದಲ್ಲಿ ನಿಲ್ಲಿಸಿ ಇಳಿಸಿರಿ. ಹಳೆಯ ಎಣ್ಣೆಯನ್ನು ಹೊಲಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿರಿ.

ಹಿಂಗಾರಿ ಜೋಳದ ಬಿತ್ತಿಗೆಗೆ ಮುಂಚೆಯೇ ಈ ಕೆಲಸ ಮುಗಿಯಲಿ. ಕೆಟ್ಟ ಗೇರನ್ನು ರಿಪೇರಿ ಮಾಡಿಸಬಹುದು. ಎರೆಹೊಲದ ಹದ ಕಳೆದರೆ ಮರಳಿ ಬಾರದು.